ಯಾಕೆ ಅಂತ ಒಬ್ಬರಾದರೂ ಕೇಳಿ

ಆ ಮಗು ನಿಮಗೆ ಗೊತ್ತು. ನಿಮ್ಮ ಬೀದಿಯಲ್ಲೇ ಆಡಿಕೊಂಡಿದೆ, ನಿಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಅದರ ಹೆಸರಿದೆ, ಎಷ್ಟೋ ಸಲ ನಿಮ್ಮದೇ ಮನೆಯ ಊಟದ ಪಂಕ್ತಿಯಲ್ಲಿ ಕೂತಿರುತ್ತದೆ. ಕೆಟ್ಟ ಟಾರ್ಚನ್ನು ಬಿಚ್ಚಿ, ಒರೆಸಿ, ಮತ್ತೆ ಉರಿಸಬಲ್ಲ, ಸಂತೆಯ ಲೆಕ್ಕವನ್ನು ಬಾಯಲ್ಲೇ ಮುಗಿಸಬಲ್ಲ, ಅಜ್ಜಿ ಒಮ್ಮೆ ಹೇಳಿದ ಕತೆಯನ್ನು ಒಂದು ತಿರುವೂ ಬಿಡದೆ ಒಪ್ಪಿಸಬಲ್ಲ ಆ ಮಗು ಪಾಠದ ಪುಸ್ತಕ ಕೈಗೆ ಬಂದೊಡನೆ ಮುದುಡಿಕೊಳ್ಳುತ್ತದೆ. ಸೋಮವಾರ ಬೆಳಿಗ್ಗೆ ಅದಕ್ಕೆ ಹೊಟ್ಟೆನೋವು. ಉಕ್ತಲೇಖನದ ದಿನ ತಲೆನೋವು. ಬೋರ್ಡಿನ ಮೇಲಿನ ನಾಲ್ಕು ಸಾಲು ಬರೆದುಕೊಳ್ಳುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ, ಅದರ ಪೆನ್ಸಿಲ್ ಎರಡನೇ ಸಾಲಿನಲ್ಲೇ ನಿಂತಿರುತ್ತದೆ, ಪಕ್ಕದವರು ನಗುತ್ತಿರುತ್ತಾರೆ. ನಿಮಗೆ ಗೊತ್ತು.

ನಿಮಗೆ ಗೊತ್ತಿರುವುದರಿಂದಲೇ ಈ ಮಾತನ್ನು ನಿಮ್ಮೆದುರು ಇಡುತ್ತಿದ್ದೇನೆ. ಮಕ್ಕಳನ್ನು ಕಂಡರಾಗದವರಿಗೆ ಬರೆದು ಪ್ರಯೋಜನವಿಲ್ಲ. ಪಕ್ಕದ ಮನೆಯ ಕೂಸಿಗೆ ಜ್ವರ ಬಂದರೆ ಕಷಾಯ ಕಾಸಿ ಕಳಿಸುವ, ಮಳೆಯಲ್ಲಿ ಸಿಕ್ಕಿಕೊಂಡ ಹುಡುಗಿಯನ್ನು ಕೊಡೆಯ ಕೆಳಗೆ ಸೇರಿಸಿಕೊಂಡು ಮನೆ ಮುಟ್ಟಿಸುವ, ಬಡವರ ಮಕ್ಕಳಿಗೆ ಜೂನ್ ತಿಂಗಳಲ್ಲಿ ನೋಟ್‌ಬುಕ್ ಕೊಡಿಸುವ ನಿಮಗೆ ಬರೆಯುತ್ತಿದ್ದೇನೆ. ಆ ಮಗುವನ್ನು ಕಂಡಾಗ ನಿಮ್ಮ ಹೊಟ್ಟೆಯೊಳಗೂ ಚುರ್ರೆನ್ನುತ್ತದೆ. ಆದರೂ ಬಾಯಿಂದ ಬರುವ ಮಾತುಗಳು ಯಾವುವು? "ಬಿಡಿ, ದೊಡ್ಡೋನಾದ ಮೇಲೆ ಸರಿಹೋಗ್ತಾನೆ." "ಅವರಪ್ಪನೂ ಹೀಗೇ ಇದ್ದ, ಈಗ ಸ್ವಂತ ಲಾರಿ ಇಟ್ಟಿಲ್ವಾ?" "ಎಲ್ಲಾ ಮೊಬೈಲಿಂದ ಕಣ್ರೀ." "ಒಳ್ಳೇ ಕಡೆ ಟ್ಯೂಷನ್ನಿಗೆ ಹಾಕಿ." ಮಾತು ಮುಗಿಯುತ್ತದೆ, ನೋಟ ಬೇರೆ ಕಡೆ ತಿರುಗುತ್ತದೆ, ಮಗು ಅಲ್ಲೇ ಉಳಿಯುತ್ತದೆ. ಅದಕ್ಕೆ ಹೀಗೇಕೆ ಆಗುತ್ತಿದೆ ಎಂದು ಮಾತ್ರ ಯಾರೂ ಕೇಳಿರುವುದಿಲ್ಲ.

ತೋಟದಲ್ಲಿ ಅಡಿಕೆ ಗರಿ ಹಳದಿಯಾದರೆ ನೀವು ಮರಕ್ಕೆ ಬೈಯುವುದಿಲ್ಲ. ಮಣ್ಣನ್ನು ಚೀಲದಲ್ಲಿ ಕಟ್ಟಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗುತ್ತೀರಿ, ಬೇರು ಕೆದಕಿ ನೋಡುತ್ತೀರಿ, ನೀರು ನಿಂತಿದೆಯೋ ಗೊಬ್ಬರ ಸಾಲದೋ ಎಂದು ತಿಳಿದವರನ್ನು ಕೇಳುತ್ತೀರಿ. ಮರಕ್ಕೆ ಸಲ್ಲುವ ಈ ನ್ಯಾಯ ಮಗುವಿಗೆ ಸಲ್ಲುವುದು ಬೇಡವೇ? ಯಾಕೆ ಅಂತ ಒಬ್ಬರಾದರೂ ಕೇಳಿ.

ಹಾಗೆ ಕೇಳುವುದನ್ನೇ ಕಸುಬು ಮಾಡಿಕೊಂಡವರು ನಮ್ಮ ನಡುವೆ ಇದ್ದಾರೆ. ಕಾಗದದ ಮೇಲೆ ಅವರನ್ನು ಶೈಕ್ಷಣಿಕ ಮನಶ್ಶಾಸ್ತ್ರಜ್ಞರು ಎನ್ನುತ್ತಾರೆ. ಶಾಲೆಗಳಲ್ಲಿ ಕೌನ್ಸೆಲರ್ ಮೇಡಂ, ಆಸ್ಪತ್ರೆಯಲ್ಲಿ ಸೈಕಾಲಜಿಸ್ಟ್. ಅವರ ಹತ್ತಿರ ಹೋಗುವುದೆಂದರೆ ತಲೆ ಕೆಟ್ಟಿದೆ ಎಂದು ಒಪ್ಪಿಕೊಂಡಂತೆ ಎಂದು ಹೆದರುವ ನೀವು, ಆ ಕೋಣೆಯಲ್ಲಿ ನಡೆಯುವುದೇನು ಎಂದು ಒಮ್ಮೆ ನೋಡಬೇಕು. ಮೊದಲು ಅವರು ತಾಯಿಯ ಮಾತು ಕೇಳುತ್ತಾರೆ: ಬಸಿರಿನಲ್ಲಿ ಹೇಗಿದ್ದಿರಿ, ಹೆರಿಗೆ ಕಷ್ಟವಾಯಿತೇ, ಹುಟ್ಟಿದ ಕೂಡಲೇ ಕೂಸು ಅತ್ತಿತೇ, ಯಾವಾಗ ಕೂತಿತು, ಯಾವಾಗ ಮೊದಲ ಮಾತಾಡಿತು. ಆಮೇಲೆ ಕಿವಿಯನ್ನೂ ಕಣ್ಣನ್ನೂ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎನ್ನುತ್ತಾರೆ. ಮಗುವಿನ ಜತೆ ನೆಲದ ಮೇಲೆ ಕೂತು ಚಿತ್ರ ಬರೆಸುತ್ತಾರೆ, ಬಣ್ಣದ ಕಟ್ಟಿಗೆ ತುಂಡುಗಳನ್ನು ಜೋಡಿಸಲು ಕೊಡುತ್ತಾರೆ, ಒಂದು ಪುಟ ಗಟ್ಟಿಯಾಗಿ ಓದಿಸಿ ಎಲ್ಲಿ ತಡವರಿಸುತ್ತದೆ, ಎಲ್ಲಿ ಊಹಿಸಿ ಓದುತ್ತದೆ, ಎಲ್ಲಿ ಬೆರಳಿಟ್ಟು ನಿಲ್ಲುತ್ತದೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಆಗುವುದಾದರೆ ತರಗತಿಗೇ ಬಂದು ಹಿಂದಿನ ಬೆಂಚಿನಲ್ಲಿ ಕೂತು, ಮೇಷ್ಟ್ರು ಪಾಠ ಮಾಡುವಾಗ ಆ ಮಗುವಿನ ಕಣ್ಣು ಎಲ್ಲಿರುತ್ತದೆ ಎಂದು ನೋಡುತ್ತಾರೆ. ಹುಚ್ಚು ಹಿಡಿದಿದೆಯೇ ಎಂದು ಯಾರೂ ತಪಾಸಣೆ ಮಾಡುವುದಿಲ್ಲ. ಅದಕ್ಕೆ ಕಲಿಯಲು ಅಡ್ಡಬಂದಿರುವುದು ಯಾವುದು ಎಂದು ಹುಡುಕುತ್ತಾರೆ, ಅಷ್ಟೇ.

ಹುಡುಕಿದಾಗ ಸಿಗುವ ಉತ್ತರಗಳನ್ನು ಕೇಳಿದರೆ ನಿಮ್ಮ ಎದೆ ಭಾರವಾಗುತ್ತದೆ. ಒಂದು ಮಗುವಿಗೆ ವರ್ಷಗಟ್ಟಲೆ ಕಿವಿ ಸೋರಿ ಅರ್ಧ ಪಾಠ ಕೇಳಿಸಿಯೇ ಇರುವುದಿಲ್ಲ. ಅದನ್ನು ಗಮನವಿಲ್ಲದವನು ಎಂದು ಬೆಂಚಿನ ಮೇಲೆ ನಿಲ್ಲಿಸಿರುತ್ತಾರೆ. ಇನ್ನೊಂದಕ್ಕೆ ಬೋರ್ಡು ಕಾಣಿಸುವುದಿಲ್ಲ. ಮತ್ತೊಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಮಧ್ಯಾಹ್ನದ ಬಿಸಿಯೂಟದವರೆಗೆ ಅಕ್ಷರಗಳ ಜತೆ ಗುದ್ದಾಡುತ್ತದೆ. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ತೆಲುಗು ಮಾತಾಡಿ ಬೆಳೆದ ಮಗು, ಅರ್ಥವಾಗದ ಭಾಷೆಯ ಪಾಠವನ್ನು ನುಂಗಲಾರದೆ ಮೌನವಾಗಿರುತ್ತದೆ. ಕಬ್ಬು ಕಡಿಯಲು ಹೋದ ಅಪ್ಪ ಅಮ್ಮನ ಹಿಂದೆ ಊರೂರು ಅಲೆದ ಮಗುವಿಗೆ ಕಾಗುಣಿತ ಕಲಿಸಿದ ತಿಂಗಳುಗಳೇ ತಪ್ಪಿಹೋಗಿರುತ್ತವೆ. ರಾತ್ರಿ ಕುಡಿದು ಬರುವ ಅಪ್ಪನ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟು ಮಲಗದ ಮಗು ಹಗಲು ತರಗತಿಯಲ್ಲಿ ತೂಕಡಿಸುತ್ತದೆ. ಯಾರೋ ಮುಟ್ಟಬಾರದ ಕಡೆ ಮುಟ್ಟಿದ್ದನ್ನು ಹೇಳಲು ಮಾತಿಲ್ಲದೆ ಒಂದು ಹುಡುಗಿ ಏಕಾಏಕಿ ಓದುವುದನ್ನೇ ಬಿಟ್ಟಿರುತ್ತಾಳೆ. ಇವರೆಲ್ಲರ ಅಂಕಪಟ್ಟಿ ಮೇಲಿನಿಂದ ನೋಡಿದರೆ ಒಂದೇ ಥರ ಇರುತ್ತದೆ. ಇವರೆಲ್ಲರಿಗೂ ನಾವು ಇಟ್ಟ ಹೆಸರು ಒಂದೇ: ದಡ್ಡ.

ಇವರ ನಡುವೆಯೇ ಇನ್ನೊಂದು ಮಗು ಇದೆ. ಕಿವಿ ಸರಿ, ಕಣ್ಣು ಸರಿ, ಮನೆಯಲ್ಲಿ ಪ್ರೀತಿಗೆ ಕೊರತೆಯಿಲ್ಲ, ಬುದ್ಧಿ ಚುರುಕು. ಆದರೂ ಅಕ್ಷರ ಅದರ ಕೈಗೆ ಹತ್ತುವುದಿಲ್ಲ. ಡಿಸ್‌ಲೆಕ್ಸಿಯಾ ಎನ್ನುವುದು ಇದಕ್ಕೇ. ಇಂಗ್ಲಿಷ್ ಓದುವ ಮಕ್ಕಳಿಗೆ ಮಾತ್ರ ಬರುವ ಪೇಟೆಯ ಕಾಯಿಲೆ ಎಂದು ನೀವು ತಿಳಿದಿದ್ದರೆ ಕನ್ನಡದ ಅಕ್ಷರಗಳನ್ನೇ ಒಮ್ಮೆ ಆ ಮಗುವಿನ ಕಣ್ಣಿಂದ ನೋಡಿ. ಪ, ಷ, ಫ ಒಂದನ್ನೊಂದು ಹೋಲುತ್ತವೆ; ಮ ಮತ್ತು ವ ಅಕ್ಕಪಕ್ಕ ನಿಂತರೆ ಗುರುತು ಸಿಗದು; ದ, ಧ, ಥ ನಡುವೆ ಇರುವುದು ಒಂದು ಸೀಳು, ಒಂದು ಚುಕ್ಕೆ. ಗುಣಿತದ ಕೊಂಬು, ಗುಡಿಸು, ಇಳಿ, ದೀರ್ಘಗಳು ಮೇಲೆ, ಕೆಳಗೆ, ಬಲಕ್ಕೆ ಸುತ್ತುತ್ತವೆ, ಒತ್ತಕ್ಷರ ಸಾಲಿನಿಂದ ಕೆಳಗಿಳಿಯುತ್ತದೆ, ಬಾಯಲ್ಲಿ ಮೊದಲು ಬರುವ ರಕಾರ ಅರ್ಕಾವತ್ತಾಗಿ ಬರೆಯುವಾಗ ಹಿಂದೆ ಹೋಗಿ ಕೂರುತ್ತದೆ. ಕನ್ನಡದ ಮಕ್ಕಳು ಓದು ಕಲಿಯುವ ಬಗೆಯನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರ ಸಂಶೋಧನೆ ತೋರಿಸಿದ್ದು ಇದನ್ನೇ: ಅಕ್ಷರಗಳ ಈ ದೊಡ್ಡ ಬಳಗ ಯಾವ ಮಗುವಿಗೂ ಒಂದೆರಡು ವರ್ಷಗಳಲ್ಲಿ ಪೂರ್ತಿ ಒಲಿಯುವುದಿಲ್ಲ, ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ಆ ಕಲಿಕೆ ನಡೆಯುತ್ತಲೇ ಇರುತ್ತದೆ. ಎಲ್ಲ ಮಕ್ಕಳಿಗೂ ಇಷ್ಟು ಉದ್ದದ ದಾರಿ ಅದು. ಡಿಸ್‌ಲೆಕ್ಸಿಯಾ ಇರುವ ಮಗುವಿಗೆ ಇನ್ನೆಷ್ಟು ಉದ್ದ ಎಂದು ನೀವೇ ಯೋಚಿಸಿ. ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿಯ ಕಾರ್ಡುಗಳ ನಡುವೆ ತನ್ನ ವೇಗದಲ್ಲಿ ಏಣಿ ಹತ್ತುತ್ತಿದ್ದ ಮಗು, ನಾಲ್ಕನೇ ತರಗತಿಯಲ್ಲಿ ದಪ್ಪ ಪುಸ್ತಕದ ಮುಂದೆ ಬಂದು ನಿಂತಾಗ ಎಲ್ಲರ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳುತ್ತದೆ, ಬೈಗುಳಕ್ಕೆ ಸಿಗುತ್ತದೆ. ಸಹಾಯಕ್ಕೆ ಮಾತ್ರ ಸಿಗುವುದಿಲ್ಲ.

ಮಕ್ಕಳ ಬುದ್ಧಿಯನ್ನು ಅಳೆಯುವ ವಿದ್ಯೆ ಹುಟ್ಟಿದ್ದೇ ಇಂಥ ಮಗುವಿಗಾಗಿ ಎಂಬುದನ್ನು ನಾವು ಮರೆತಿದ್ದೇವೆ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ತಿಯೋಡರ್ ಸಿಮೋನ್ ತಮ್ಮ ಮೊದಲ ಪರೀಕ್ಷೆಯನ್ನು ರೂಪಿಸಿದ್ದು, ಶಾಲೆಯಲ್ಲಿ ಹಿಂದುಳಿದ ಯಾವ ಮಕ್ಕಳಿಗೆ ವಿಶೇಷ ಬೋಧನೆ ಬೇಕು ಎಂದು ತಿಳಿಯಲು. ಒಬ್ಬನ ಬುದ್ಧಿ ಹುಟ್ಟಿದಷ್ಟೇ, ಮುಂದೆ ಬೆಳೆಯದು ಎಂಬ ನಿರಾಶೆಯ ವಾದವನ್ನು ಬಿನೆ ಕಟುವಾಗಿ ವಿರೋಧಿಸಿದರು. 1930ರ ದಶಕದಲ್ಲಿ ವಿ.ವಿ. ಕಾಮತ್ ಆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಲ್ಲಿ ಅದು ಈಗಲೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಅದಕ್ಕೂ ಮುಂಚೆ, 1924ರಲ್ಲೇ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಗಿತ್ತು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಡಿಸ್‌ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಗುರುತಿಸಲು ದೇಶದ ಬಹಳ ಕಡೆ ಬಳಸುವ ಪರೀಕ್ಷೆಗಳ ಕಟ್ಟು ಅಲ್ಲಿಯೇ ತಯಾರಾಯಿತು. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನೂರು ವರ್ಷಗಳ ವಿದ್ಯೆ ನಮ್ಮ ನೆಲದಲ್ಲೇ ಇದೆ, ನಮ್ಮ ನುಡಿಯಲ್ಲೇ ಪರೀಕ್ಷೆ ಇದೆ. ಆದರೂ ಯಾದಗಿರಿಯ ಒಂದು ಹಳ್ಳಿಯ ಮಗು, ಚಾಮರಾಜನಗರದ ಒಂದು ಹಾಡಿಯ ಮಗು ಅದರ ನೆರಳಿಗೂ ಬಾರದೆ ಶಾಲೆ ಬಿಡುತ್ತದೆ. ನಿಮಗೆ ಗೊತ್ತು.

2007ರಲ್ಲಿ ‘ತಾರೇ ಜಮೀನ್ ಪರ್’ ಸಿನಿಮಾ ಬಂದಾಗ ನೀವು ಅತ್ತಿರಿ. ಆ ಹುಡುಗನ ಒಂಟಿತನಕ್ಕೆ ಅತ್ತಿರಿ, ಕೊನೆಗೆ ಅವನು ಚಿತ್ರ ಬರೆದು ಗೆದ್ದಾಗ ಸಂತೋಷದಿಂದ ಕಣ್ಣೊರೆಸಿಕೊಂಡಿರಿ. ನಿಮ್ಮ ಕಣ್ಣೀರು ಸುಳ್ಳಲ್ಲ. ಆದರೆ ನಿಮ್ಮ ಬೀದಿಯ ಮಗುವಿಗೆ ಚಿತ್ರ ಬರೆಯಲು ಬಾರದಿದ್ದರೆ? ಹಾಡಲೂ ಬಾರದೆ, ಆಟದಲ್ಲೂ ಗೆಲ್ಲದೆ, ಯಾವ ಗುಪ್ತ ಪ್ರತಿಭೆಯೂ ಇಲ್ಲದೆ ಸುಮ್ಮನೆ ಒಂದು ಮಗುವಾಗಿದ್ದರೆ? ಮನಶ್ಶಾಸ್ತ್ರಜ್ಞರು ಕೆಲವೊಮ್ಮೆ ತಂದೆತಾಯಿಗೆ ಕಷ್ಟದ ಸತ್ಯವನ್ನೂ ಹೇಳಬೇಕಾಗುತ್ತದೆ: ನಿಮ್ಮ ಮಗುವಿನ ಬುದ್ಧಿಯ ಬೆಳವಣಿಗೆಯೇ ನಿಧಾನ, ಅದು ಓರಗೆಯವರ ಜತೆ ಓಡಲಾರದು, ಆದರೆ ಕಲಿಯುತ್ತದೆ, ಅದರದೇ ಹೆಜ್ಜೆಯಲ್ಲಿ ಕಲಿಯುತ್ತದೆ, ಬಸ್ಸಿನ ಬೋರ್ಡು ಓದಲು, ಹಣ ಎಣಿಸಲು, ತನ್ನ ಊಟ ತಾನು ಮಾಡಿಕೊಳ್ಳಲು, ನಾಲ್ಕು ಜನರ ನಡುವೆ ಮರ್ಯಾದೆಯಿಂದ ಬದುಕಲು ಕಲಿಯುತ್ತದೆ. ಮಗುವೊಂದು ನಮ್ಮ ಕರುಣೆಗೆ ಅರ್ಹವಾಗಲು ಒಳಗೊಬ್ಬ ಮೇಧಾವಿಯನ್ನು ಬಚ್ಚಿಟ್ಟುಕೊಂಡಿರಬೇಕಾಗಿಲ್ಲ. ಅದು ನಮ್ಮ ಮಗು. ಅಷ್ಟು ಸಾಕು.

ತಾಯಂದಿರ ವಿಷಯಕ್ಕೆ ಬನ್ನಿ. ಮಗು ಓದದಿದ್ದರೆ ಮೊದಲು ಬೆರಳು ತಿರುಗುವುದು ತಾಯಿಯ ಕಡೆಗೆ. ಅತ್ತೆ ಅನ್ನುತ್ತಾರೆ, ಗಂಡ ಅನ್ನುತ್ತಾನೆ, ಪೋಷಕರ ಸಭೆಯಲ್ಲಿ ಶಾಲೆಯೂ ಅನ್ನುತ್ತದೆ: "ಮನೆಯಲ್ಲಿ ಸ್ವಲ್ಪ ಗಮನ ಕೊಡಿ ಅಮ್ಮ." ಕೂಲಿಯಿಂದ, ಗಾರ್ಮೆಂಟ್ಸಿನಿಂದ, ಆಫೀಸಿನಿಂದ ಬಂದು, ಒಲೆ ಹಚ್ಚಿ, ರಾತ್ರಿ ಹತ್ತು ಗಂಟೆಗೆ ಅದೇ ಪುಟವನ್ನು ಮತ್ತೆ ಮತ್ತೆ ಓದಿಸಿ, ಕೊನೆಗೆ ಸಿಟ್ಟು ತಡೆಯದೆ ಹೊಡೆದು, ಮಗು ನಿದ್ದೆಹೋದ ಮೇಲೆ ಅದರ ಕೆನ್ನೆ ಸವರಿ ಅಳುವ ತಾಯಂದಿರು ಎಷ್ಟು ಜನ! ಅಪ್ಪಂದಿರು ಅಳುವುದಿಲ್ಲ, ಅವರು ಮಾತು ಬಿಡುತ್ತಾರೆ. ಶೈಕ್ಷಣಿಕ ಮನಶ್ಶಾಸ್ತ್ರಜ್ಞರ ಅರ್ಧ ಕೆಲಸ ಈ ಮನೆಗಳನ್ನು ಮತ್ತೆ ಜೋಡಿಸುವುದು. "ಇದು ನಿಮ್ಮ ತಪ್ಪಲ್ಲಮ್ಮ, ಮಗುವಿನ ತಪ್ಪೂ ಅಲ್ಲ" ಎಂಬ ಒಂದು ಮಾತನ್ನು ಮೊದಲ ಸಲ ಕೇಳಿದ ತಾಯಿಗೆ ಎಷ್ಟೋ ಸಲ ಉತ್ತರಿಸಲು ಬಾಯೇ ಬರುವುದಿಲ್ಲ. ಆಮೇಲೆ ಮನೆಯವರಿಗೆ ಸಣ್ಣ ಸಣ್ಣ ದಾರಿ ಹೇಳಿಕೊಡುತ್ತಾರೆ: ದಿನಕ್ಕೆ ಎರಡು ಗಂಟೆ ಗುದ್ದಾಡುವ ಬದಲು ಹದಿನೈದು ನಿಮಿಷ, ಮರಳಿನ ಮೇಲೆ, ರವೆಯ ತಟ್ಟೆಯಲ್ಲಿ ಬೆರಳಿನಿಂದ ಅಕ್ಷರ ತಿದ್ದಿಸುವುದು, ಪಾಠವನ್ನು ನೀವೇ ಗಟ್ಟಿಯಾಗಿ ಓದಿ ಕೇಳಿಸುವುದು, ಅಣ್ಣನ ಅಂಕದ ಜತೆ ಹೋಲಿಸದಿರುವುದು. ಇಷ್ಟರಿಂದಲೇ ಎಲ್ಲ ಸರಿಹೋಗುವುದಿಲ್ಲ, ಆದರೆ ಆ ಮನೆಯ ಸಂಜೆಗಳು ಬದಲಾಗುತ್ತವೆ.

ಈ ಸಹಾಯ ಸಿಗದ ಮಗುವಿಗೆ ಏನಾಗುತ್ತದೆ ಎಂಬುದೂ ನಿಮಗೆ ಗೊತ್ತು. ತಾನು ದಡ್ಡ ಎಂದು ಅದು ನಂಬುತ್ತದೆ; ನಂಬಿದ ಮೇಲೆ ಪ್ರಯತ್ನ ಬಿಡುತ್ತದೆ. ಗಲಾಟೆ ಮಾಡುವ ಹುಡುಗನಾದರೆ ಪೋಕರಿ ಎನಿಸಿಕೊಂಡು ಗ್ಯಾರೇಜಿಗೋ ಬೇಕರಿಗೋ ಸೇರುತ್ತಾನೆ. ಹುಡುಗಿಯಾದರೆ ಗಲಾಟೆಯೂ ಇಲ್ಲ. ಅವಳು ಸುಮ್ಮನೆ ಮನೆಗೆಲಸಕ್ಕೆ ನಿಲ್ಲುತ್ತಾಳೆ, ಸುಮ್ಮನೆ ಮದುವೆಯಾಗುತ್ತಾಳೆ, ಅವಳಿಗೆ ಕಲಿಯಲು ಕಷ್ಟವಿತ್ತು ಎಂಬುದೇ ಯಾರಿಗೂ ತಿಳಿಯದೆ ಹೋಗುತ್ತದೆ. ಒಂಬತ್ತನೇ ತರಗತಿಯಲ್ಲಿ ಕೆಲವು ಶಾಲೆಗಳು, ಎಸ್ಸೆಸ್ಸೆಲ್ಸಿ ಫಲಿತಾಂಶದ ಶೇಕಡಾವಾರು ಕುಸಿಯುತ್ತದೆಂದು, "ಬೇರೆ ಕಡೆ ನೋಡಿಕೊಳ್ಳಿ" ಎಂದು ಟಿಸಿ ಕೈಗಿಡುತ್ತವೆ. ಫಲಿತಾಂಶದ ಮರುದಿನ ಪತ್ರಿಕೆಯ ಒಳಪುಟದಲ್ಲಿ ಬರುವ ಆ ನಾಲ್ಕು ಸಾಲಿನ ಸುದ್ದಿಗಳನ್ನು ನೀವೂ ಓದಿದ್ದೀರಿ, ಪುಟ ತಿರುಗಿಸಿದ್ದೀರಿ. ಆ ಮಕ್ಕಳಿಗೆ ಹೇಳಿಕೊಳ್ಳಲು ಮಾತಿರಲಿಲ್ಲ. ಮಾತಿದ್ದವರು ನಾವು.

ಮಾತು ಕೊಟ್ಟವರೂ ನಾವೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸುತ್ತದೆ. ಇಡೀ ತರಗತಿಯ ಮುಂದೆ ದಡ್ಡ ಎಂದು ಕರೆಯುವುದು ಮಾನಸಿಕ ಹಿಂಸೆಯಲ್ಲವೇ? 1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಗೆ ಜಾಗವೇ ಇರಲಿಲ್ಲ. 2016ರ ಕಾಯ್ದೆ ಅದನ್ನು 21 ವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿತು. ಮಕ್ಕಳ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಬೇಕು ಎಂದು ಅದರ 16ನೇ ಸೆಕ್ಷನ್ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಉತ್ತರ ಬರೆದುಕೊಡುವ ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವನ್ನೆಲ್ಲ 17ನೇ ಸೆಕ್ಷನ್ ಹೆಸರಿಸಿಯೇ ಹೇಳುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ನೋಡಬೇಕಾದ ತೊಂದರೆಗಳಲ್ಲಿ ಕಲಿಕೆಯ ತೊಂದರೆಯೂ ಸೇರಿದೆ. ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರು ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇದ್ದಾರೆ, ಬೈಕಿನಲ್ಲಿ ಊರೂರು ಸುತ್ತಿ ಮನೆಬಾಗಿಲಿಗೆ ಹೋಗಿ ಪಾಠ ಹೇಳಿ ಬರುತ್ತಾರೆ. ಇವೆಲ್ಲ ನಮ್ಮ ಹೆಸರಿನಲ್ಲಿ, ನಮ್ಮ ತೆರಿಗೆಯಲ್ಲಿ ಆ ಮಗುವಿಗೆ ಕೊಟ್ಟ ಮಾತು.

ಮಾತು ನಡೆಯುತ್ತಿದೆಯೇ? ಒಬ್ಬ ಸಂಪನ್ಮೂಲ ಶಿಕ್ಷಕರ ತಲೆಯ ಮೇಲೆ ಹತ್ತಾರು ಊರುಗಳ ಮಕ್ಕಳಿದ್ದಾರೆ. ಕಲಿಕಾ ನ್ಯೂನತೆಯ ಒಂದು ಪ್ರಮಾಣಪತ್ರಕ್ಕಾಗಿ ತಾಯಿಯೊಬ್ಬಳು ಕೂಲಿ ಬಿಟ್ಟು, ಬಸ್ಸು ಹತ್ತಿ, ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ನಿಂತು, ಇವತ್ತು ಡಾಕ್ಟರಿಲ್ಲ, ಮುಂದಿನ ವಾರ ಬನ್ನಿ ಎನಿಸಿಕೊಂಡು ಹಿಂದಿರುಗುತ್ತಾಳೆ. ನಗರದ ದೊಡ್ಡ ಶಾಲೆಗಳಲ್ಲಿ ಕೌನ್ಸೆಲರ್ ಕೋಣೆ ಇರುತ್ತದೆ. ಎಷ್ಟೋ ಕಡೆ ಅದು ಪ್ರಾಸ್ಪೆಕ್ಟಸ್ಸಿನ ಚಿತ್ರಕ್ಕಷ್ಟೇ ಇರುತ್ತದೆ, ಒಳಗಿರುವವರು ರಜೆಯಲ್ಲಿರುವ ಟೀಚರ ತರಗತಿ ನೋಡಿಕೊಳ್ಳಲು ಓಡಾಡುತ್ತಿರುತ್ತಾರೆ. ಹಣವಿದ್ದವರು ಖಾಸಗಿಯಾಗಿ ಪರೀಕ್ಷೆ ಮಾಡಿಸಿ, ಹೆಚ್ಚಿನ ಸಮಯದ ಅನುಮತಿ ಪಡೆದು, ತಮ್ಮ ಮಕ್ಕಳನ್ನು ದಡ ಸೇರಿಸುತ್ತಾರೆ. ತಪ್ಪೇನಿಲ್ಲ, ಎಲ್ಲರೂ ಸೇರಿಸಬೇಕು. ಆದರೆ ಒಂದೇ ತೊಂದರೆಗೆ ಶ್ರೀಮಂತರ ಮನೆಯಲ್ಲಿ ಡಿಸ್‌ಲೆಕ್ಸಿಯಾ ಎಂಬ ಹೆಸರು, ಬಡವರ ಮನೆಯಲ್ಲಿ ದಡ್ಡತನ ಎಂಬ ಹೆಸರು ಇರುವ ನಾಡಿನಲ್ಲಿ ನಾವು ನೆಮ್ಮದಿಯಿಂದ ಹೇಗೆ ನಿದ್ದೆ ಮಾಡುವುದು?

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಮೇಷ್ಟ್ರೇ, ಟೀಚರ್, ನಿಮ್ಮ ಹೊರೆ ಗೊತ್ತು: ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ, ಗಣತಿ, ಚುನಾವಣೆ, ಮೊಟ್ಟೆಯ ಲೆಕ್ಕ, ಆನ್‌ಲೈನ್ ಎಂಟ್ರಿ. ಆದರೂ ಆ ಒಂದು ಮಗುವಿನ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆಯುವ ಮೊದಲು ಒಮ್ಮೆ ನಿಲ್ಲಿ. ಎಲ್ಲರ ಮುಂದೆ ಅದನ್ನು ಗಟ್ಟಿಯಾಗಿ ಓದಿಸಬೇಡಿ. ಬಾಯಲ್ಲಿ ಉತ್ತರ ಹೇಳಿಸಿ. ಅದರ ಹೆಸರನ್ನು ಬಿಐಇಆರ್‌ಟಿಗೆ ಬರೆದು ಕೊಡಿ. ಅಪ್ಪಂದಿರೇ, ಅಮ್ಮಂದಿರೇ, ಅಜ್ಜ ಅಜ್ಜಿಯರೇ, ನೆಂಟರು ಏನನ್ನುತ್ತಾರೋ ಎಂದು ಹೆದರಿ ಇನ್ನೊಂದು ವರ್ಷ ಕಾಯಬೇಡಿ. ಮೊದಲು ಕಿವಿ, ಕಣ್ಣು ತೋರಿಸಿ, ಆಮೇಲೆ ಜಿಲ್ಲಾಸ್ಪತ್ರೆಯ ಮನಶ್ಶಾಸ್ತ್ರಜ್ಞರನ್ನು ಕಾಣಿ. ಮನಸ್ಸಿನ ಸಂಕಟ ಮೇರೆ ಮೀರಿದರೆ 14416ಕ್ಕೆ ಕರೆ ಮಾಡಿ; ಟೆಲಿ-ಮನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಮಗು ಅಪಾಯದಲ್ಲಿದೆ ಎನಿಸಿದರೆ 1098. ಎಸ್‌ಡಿಎಂಸಿಯಲ್ಲಿ ಕೂತಿರುವವರೇ, ಮುಂದಿನ ಸಭೆಯಲ್ಲಿ ಕಾಂಪೌಂಡು, ಬಣ್ಣದ ಜತೆಗೆ ಒಂದು ಪ್ರಶ್ನೆ ಕೇಳಿ: ನಮ್ಮ ಶಾಲೆಗೆ ತಪಾಸಣೆಯ ತಂಡ ಈ ವರ್ಷ ಬಂದಿತೇ, ಯಾವ ಮಕ್ಕಳನ್ನು ಎಲ್ಲಿಗೆ ಕಳಿಸಿತು? ಊರಿಗೆ ಬರುವ ಶಾಸಕರನ್ನು ಕೇಳಿ: ರಸ್ತೆಗೆ, ಚರಂಡಿಗೆ ಅರ್ಜಿ ಕೊಡುವ ಕೈಯಲ್ಲೇ ಇನ್ನೊಂದು ಅರ್ಜಿ ಕೊಡಿ, ನಮ್ಮ ತಾಲ್ಲೂಕಿನ ಮಕ್ಕಳಿಗೆ ಒಬ್ಬ ಶೈಕ್ಷಣಿಕ ಮನಶ್ಶಾಸ್ತ್ರಜ್ಞರು ಬೇಕು ಎಂದು. ಮನಶ್ಶಾಸ್ತ್ರ ಓದಿದ ಯುವಕ ಯುವತಿಯರೇ, ನಗರದಲ್ಲಿ ನಿಮಗೆ ಕೆಲಸವಿದೆ, ಗೊತ್ತು. ನಿಮ್ಮೂರಿನ ಶಾಲೆಗೆ ತಿಂಗಳಿಗೊಂದು ಶನಿವಾರ ಕೊಡಿ.

ಮಗು ತನ್ನ ಪರವಾಗಿ ಅರ್ಜಿ ಬರೆಯಲಾರದು. ಬರೆಯುವುದೇ ಅದರ ಕಷ್ಟ. ಅದರ ಪರವಾಗಿ ಕೇಳಬೇಕಾದವರು ನೀವು. ಈ ಶಾಲಾ ವರ್ಷ ಮುಗಿಯುವ ಮೊದಲು, ನಿಮಗೆ ಗೊತ್ತಿರುವ ಆ ಒಂದು ಮಗುವಿಗೆ "ನೀನು ದಡ್ಡನಲ್ಲ, ನಿನಗೆ ಯಾಕೆ ಕಷ್ಟವಾಗ್ತಿದೆ ಅಂತ ತಿಳ್ಕೊಳ್ಳೋಣ, ಬಾ" ಎಂದು ಹೇಳಿ; ಹೇಳಿದ ಮೇಲೆ ಅದರ ಜತೆ ಆ ಸಾಲಿನಲ್ಲಿ ಹೋಗಿ ನಿಂತುಕೊಳ್ಳಿ. ಮುಂದಿನ ವಾರ ಬನ್ನಿ ಎಂದರೆ, ಮುಂದಿನ ವಾರ ಮತ್ತೆ ಹೋಗಿ.